ಸುಶಿ ಅಂದ್ರೆ ಹಸಿ ಮೀನಲ್ಲ, ಅನ್ನ: ಜಪಾನಿ ಊಟದ ತಪ್ಪು ತಿಳುವಳಿಕೆಗಳನ್ನ ಇಲ್ಲಿ ತಿದ್ದೋಣ

ಅನ್ನಪ್ರಿಯ
ಕನ್ನಡದ ಅಡುಗೆ ಪುಟಗಳಲ್ಲಿ, ವಿಡಿಯೊಗಳಲ್ಲಿ ಸುಶಿ ಬಗ್ಗೆ ಒಂದೇ ಮಾತು ಸುತ್ತಿ ಸುತ್ತಿ ಬರ್ತಿದೆ: ಜಪಾನಿನವರು ಹಸಿ ಮೀನು ತಿಂತಾರೆ, ಅದರ ಹೆಸರು ಸುಶಿ. ಇದು ಬುಡದಲ್ಲೇ ತಪ್ಪು. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನದಿಂದ ಮಾಡೋದು ಸುಶಿ. ಆ ಅನ್ನದ ಜೊತೆ ಹಸಿ ಮೀನು ಇರಬಹುದು, ಬೇಯಿಸಿದ ಸೀಗಡಿ ಇರಬಹುದು, ಮೊಟ್ಟೆ ಇರಬಹುದು, ಬರೀ ಸೌತೆಕಾಯಿನೂ ಇರಬಹುದು. ಅನ್ನ ಇಲ್ಲದೆ ಹಸಿ ಮೀನನ್ನಷ್ಟೇ ಹೆಚ್ಚಿ ಕೊಟ್ಟರೆ ಅದಕ್ಕೆ ಸಶಿಮಿ ಅಂತಾರೆ.

ಹೆಸರು ತಪ್ಪಿದ್ರೆ ಏನಾಯ್ತು ಅಂತ ಬಿಡೋ ಹಾಗಿಲ್ಲ. ಮನೇಲಿ ಮಾಡಿ ನೋಡೋರು ಮೀನಿಗೆ ದುಡ್ಡು ಸುರಿದು ಅನ್ನವನ್ನ ಹಾಳು ಮಾಡ್ತಾರೆ. ಸಸ್ಯಾಹಾರಿಗಳು ಮೇಲೆ ಮೀನಿಲ್ಲ ಅಂತ ನೋಡಿ ನೆಮ್ಮದಿಯಾಗಿ ತಿಂತಾರೆ, ಆದರೆ ಮೀನು ಅಡುಗೆಗೆ ಬಳಸಿದ ಸಾರಿನೊಳಗೆ ಇರುತ್ತೆ. ಗೊತ್ತಿರೋರು ಒಂದೊಂದು ತಪ್ಪು ತಿಳುವಳಿಕೆ ತಗೊಂಡು, ಯಾಕೆ ತಪ್ಪು, ಸರಿಯಾಗಿ ಮಾಡೋದು ಹೇಗೆ ಅಂತ ಅಳತೆ ಸಮೇತ ಬರೀರಿ. "ಕೇಳಿದ್ದೆ" ಅನ್ನೋದು ಬೇಡ.

ಸೌಟು
ಅನ್ನದಿಂದಲೇ ಶುರು ಮಾಡ್ತೀನಿ. ಸುಶಿಗೆ ಬೇಕಾದ್ದು ಜಪಾನಿನ ಗಿಡ್ಡಕಾಳಿನ ಅಕ್ಕಿ, ಕೊಶಿಹಿಕಾರಿ ಥರದ್ದು. ಸೋನಾ ಮಸೂರಿ ಕಾಳು ಬಿಡಿಬಿಡಿ ಆಗೋ ಅಕ್ಕಿ. ಅದನ್ನ ಮೆತ್ತಗೆ ಬೇಯಿಸಿದ್ರೆ ಮುದ್ದೆ ಆಗುತ್ತೆ, ಉದುರಾಗಿ ಬೇಯಿಸಿದ್ರೆ ನೋರಿ ಅನ್ನೋ ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಸುರುಳಿ ಚೂರಿ ತಾಗಿದ ಕೂಡಲೇ ಉದುರುತ್ತೆ. ಬಾಸುಮತಿಯಂತೂ ಮಾತಾಡೋದೇ ಬೇಡ.

ಅಳತೆ (ಮೂರ್ನಾಲ್ಕು ಜನಕ್ಕೆ): ಅಕ್ಕಿ 300 ಗ್ರಾಂ, ನೀರು 340ರಿಂದ 360 ಮಿಲಿ. ಅಕ್ಕಿಯನ್ನ ಮೂರ್ನಾಲ್ಕು ನೀರಲ್ಲಿ ತೊಳೀರಿ. ಜೋರಾಗಿ ಉಜ್ಜಬೇಡಿ, ಕಾಳು ಮುರಿಯುತ್ತೆ. 30 ನಿಮಿಷ ನೆನೆಸಿ, ಜರಡಿಯಲ್ಲಿ 10 ನಿಮಿಷ ಸೋರಿಹಾಕಿ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಕುದಿ ಬರೋ ತನಕ ದೊಡ್ಡ ಉರಿ, ಆಮೇಲೆ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ, ಆರಿಸಿದ ಮೇಲೆ ಮುಚ್ಚಳ ತೆಗೀದೆ ಇನ್ನೂ 10 ನಿಮಿಷ.

ಬೆರೆಸೋಕೆ: ಅಕ್ಕಿ ವಿನೆಗರ್ 50 ಮಿಲಿ, ಸಕ್ಕರೆ 20ರಿಂದ 25 ಗ್ರಾಂ, ಉಪ್ಪು 6 ಗ್ರಾಂ. ಸಕ್ಕರೆ ಕರಗುವಷ್ಟು ಮಾತ್ರ ಬಿಸಿ ಮಾಡಿ. ಕುದಿಸಿದ್ರೆ ವಿನೆಗರಿನ ಘಮ ಹಾರಿಹೋಗುತ್ತೆ. ಅನ್ನ ಬಿಸಿ ಇದ್ದಾಗಲೇ ಅಗಲ ಪಾತ್ರೆಗೆ ಹಾಕಿ ಮೇಲೆ ಸುರೀರಿ, ಚಪ್ಪಟೆ ಮರದ ಸೌಟಿನಿಂದ ಕಡಿಯೋ ಹಾಗೆ ಅಡ್ಡಡ್ಡ ಬೆರೆಸಿ. ಕಲಸಿದ್ರೆ ಗಂಜಿ ಬಿಡುತ್ತೆ. ಬೆರೆಸ್ತಾ ಬೀಸಣಿಗೆಯಲ್ಲಿ ಗಾಳಿ ಹಾಕಿ. ಮೇಲಿನ ತೇವ ಆರಿದಾಗ ಕಾಳು ಮಿಂಚುತ್ತೆ.

ಕುಚ್ಚಲಕ್ಕಿ
ಅಂಟು ಬೇಕು ಅಂದ್ರೆ ಈಶಾನ್ಯದ ಕಡೆಯ ಅಂಟಕ್ಕಿ ತಗೊಂಡ್ರೆ ಆಯ್ತಲ್ಲ? ಅಸ್ಸಾಮಿನ ಬೊರಾ ಅಕ್ಕಿ ಈಗ ಬೆಂಗಳೂರಲ್ಲೂ ಸಿಗುತ್ತೆ.

ಸೌಟು
ಆಗಲ್ಲ. ಇದೂ ಒಂದು ದೊಡ್ಡ ತಪ್ಪು ತಿಳುವಳಿಕೆನೇ. ಜಪಾನಿನಲ್ಲಿ ಎರಡು ಬೇರೆ ಬೇರೆ ಅಕ್ಕಿ ಇದೆ. ದಿನದ ಊಟಕ್ಕೂ ಸುಶಿಗೂ ಬಳಸೋದು ಉರುಚಿಮಾಯ್. ಮೋಚಿ ಅನ್ನೋ ಅಂಟು ಉಂಡೆ ಕುಟ್ಟೋಕೆ ಬಳಸೋದು ಮೋಚಿಗೊಮೆ. ಮೋಚಿಗೊಮೆಯಲ್ಲಿ ಅಮೈಲೋಸ್ ಅನ್ನೋ ಪಿಷ್ಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲಾ ಅಮೈಲೊಪೆಕ್ಟಿನ್. ಬೊರಾ ಅಕ್ಕಿ ಈ ಎರಡನೇ ಗುಂಪಿಗೆ ಸೇರಿದ್ದು. ಅದರಲ್ಲಿ ಸುಶಿ ಮಾಡಿದ್ರೆ ಕಾಳು ಕಾಳಾಗಿ ಬಾಯಲ್ಲಿ ಬಿಚ್ಚಿಕೊಳ್ಳಲ್ಲ, ಹಲ್ಲಿಗೆ ಅಂಟೋ ಮುದ್ದೆ ಆಗುತ್ತೆ. ಸುಶಿ ಅನ್ನ ಕೈಯಲ್ಲಿ ಹಿಡಿದಾಗ ಒಟ್ಟಿಗಿರಬೇಕು, ಬಾಯಿಗೆ ಹೋದಾಗ ಬಿಡಬೇಕು.

ಜಪಾನಿ ಅಕ್ಕಿ ಸಿಗದಿದ್ರೆ ಮಹಾರಾಷ್ಟ್ರದ ಇಂದ್ರಾಯಣಿ ಹತ್ತಿರಕ್ಕೆ ಬರುತ್ತೆ. ಸುರುಳಿಗೆ ಸಾಕು. ಕೈಯಲ್ಲಿ ಅನ್ನದ ತುಂಡು ಹಿಡಿದು ಮೇಲೆ ಮೀನಿಡೋ ನಿಗಿರಿಗೆ ಸಾಲದು.

ಧಾರವಾಡಿ
ವಿನೆಗರ್ ವಿಷಯ ಒಂದ್ ಮಾತ್ ಹೇಳ್ತೀನ್ರಿ. ಅಂಗಡ್ಯಾಗ ಗೋಬಿ ಮಂಚೂರಿಗೆ ಅಂತ ಕೊಡೋ ಬಿಳಿ ಸಿಂಥೆಟಿಕ್ ವಿನೆಗರ್ ಹಾಕಬ್ಯಾಡ್ರಿ. ಅದು ನೀರಿಗೆ ಅಸೆಟಿಕ್ ಆಸಿಡ್ ಬೆರಿಸಿದ್ದು, ಹುಳಿ ಮೂಗಿಗೆ ಹೊಡಿತೈತಿ, ಹಿಂದ ರುಚಿ ಏನೂ ಇರೂದಿಲ್ಲ. ಅಕ್ಕಿ ವಿನೆಗರ್ ಸಿಗಲಿಲ್ಲಂದ್ರ ಸೇಬಿನ ವಿನೆಗರ್ 40 ಮಿಲಿಗೆ 10 ಮಿಲಿ ನೀರು ಹಾಕ್ರಿ, ನಡೀತೈತಿ.

ಅನ್ನಪ್ರಿಯ
ಉಳಿದ ಸುಶಿಯನ್ನ ಫ್ರಿಜ್‌ನಲ್ಲಿಟ್ಟು ಮರುದಿನ ತಿನ್ನಬಹುದಾ ಅಂತ ತುಂಬಾ ಜನ ಕೇಳ್ತಾರೆ. ಯಾರಾದ್ರೂ ಸರಿಯಾಗಿ ಹೇಳ್ತೀರಾ?

ಲ್ಯಾಬ್‌ಮೇಷ್ಟ್ರು
ರುಚಿಯ ಮಾತು ಮೊದಲು. ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಗಟ್ಟಿ ಜೋಡಣೆಗೆ ತಿರುಗುತ್ತೆ. ಇದು ಅತಿ ಬೇಗ ಆಗೋದು ಫ್ರಿಜ್ಜಿನ ತಂಪಿನಲ್ಲೇ. ಹಾಗಾಗಿ ಫ್ರಿಜ್‌ನಲ್ಲಿಟ್ಟ ಸುಶಿಯ ಅನ್ನ ಬಿರುಸಾಗುತ್ತೆ. ಒಳ್ಳೆ ಸುಶಿಯ ಅನ್ನ ಮೈ ಬಿಸಿಯಷ್ಟು, ಅಂದ್ರೆ 36–37 ಡಿಗ್ರಿ ಆಸುಪಾಸು ಇರಬೇಕು.

ಸುರಕ್ಷತೆ ಬೇರೆ ಮಾತು. ಬೆಂದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಉಳಿದಿರುತ್ತವೆ. ಬೆಚ್ಚಗಿನ ಜಾಗದಲ್ಲಿ ಅವು ಬೆಳೆದು ವಾಂತಿ ತರಿಸೋ ವಿಷ ಬಿಡ್ತವೆ. ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ವಿನೆಗರ್ ಹಾಕೋದರಿಂದ ಅನ್ನದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗೆ ಇಳಿದ್ರೆ ಈ ಬೆಳವಣಿಗೆ ತಡೆಯುತ್ತೆ. ಅದಕ್ಕೇ ಸುಶಿ ಅನ್ನ ಹೊರಗಡೆ ಕೆಲವು ಗಂಟೆ ಇರಬಲ್ಲದು. ರುಚಿಗೆ ಅಂತ ವಿನೆಗರನ್ನ ಅರ್ಧಕ್ಕೆ ಇಳಿಸಿದವರಿಗೆ ಈ ರಕ್ಷಣೆ ಸಿಗಲ್ಲ. ಹಸಿ ಮೀನಿನ ಸುಶಿಯನ್ನ ಅವತ್ತೇ ತಿನ್ನಬೇಕು. ಸೌತೆಕಾಯಿ ಸುರುಳಿಯನ್ನ ಮರುದಿನ ತಿಂದ್ರೆ ಅಪಾಯ ಕಡಿಮೆ, ರುಚಿಯಂತೂ ಹೋಗಿರುತ್ತೆ.

ಒಗ್ಗರಣೆ
ವಿನೆಗರಲ್ಲಿ ನೆನೆಸಿದ್ರೆ ಮೀನು "ಬೆಂದ ಹಾಗೆ" ಆಗುತ್ತೆ, ಹುಳ ಇದ್ರೂ ಸಾಯುತ್ತೆ ಅಂತಾರಲ್ಲ. ವಸಾಬಿ ಅನ್ನೋ ಘಾಟಿನ ಹಸಿರು ಪೇಸ್ಟ್ ಸವರೋದೂ ಅದಕ್ಕೇ ಅಲ್ವಾ?

ಲ್ಯಾಬ್‌ಮೇಷ್ಟ್ರು
ಇದು ಈ ಚರ್ಚೆಯಲ್ಲೇ ಅತಿ ಅಪಾಯದ ನಂಬಿಕೆ. ಹುಳಿ ತಾಗಿದಾಗ ಮೀನಿನ ಪ್ರೋಟೀನ್ ಬೆಳ್ಳಗೆ ಗಟ್ಟಿಯಾಗುತ್ತೆ, ನೋಡೋಕೆ ಬೆಂದಂತೆ ಕಾಣುತ್ತೆ. ಅನಿಸಾಕಿಸ್ ಅನ್ನೋ ಹುಳ ಅದಕ್ಕೆ ಸಾಯಲ್ಲ. ವಿನೆಗರ್, ಉಪ್ಪು, ಸೋಯಾ ಸಾಸ್, ವಸಾಬಿ, ನಿಂಬೆಹುಳಿ, ಅಡುಗೆಯಲ್ಲಿ ಬಳಸೋ ಪ್ರಮಾಣದಲ್ಲಿ ಯಾವುದೂ ಅದನ್ನ ಕೊಲ್ಲಲ್ಲ. ಜಪಾನಿನಲ್ಲಿ ವಿನೆಗರಲ್ಲಿ ನೆನೆಸಿದ ಸಾಬಾ ಅನ್ನೋ ಬಂಗುಡೆ ಜಾತಿಯ ಮೀನಿನಿಂದಲೇ ಜನರಿಗೆ ಈ ಹುಳದ ಹೊಟ್ಟೆನೋವು ಬಂದಿರೋದು ಉಂಟು.

ಕೊಲ್ಲೋದು ಎರಡೇ: ಬಿಸಿ ಮತ್ತು ಚಳಿ. ಬಿಸಿ ಅಂದ್ರೆ ಒಳಗಿನ ತನಕ 60 ಡಿಗ್ರಿಯಲ್ಲಿ 1 ನಿಮಿಷ. ಚಳಿ ಅಂದ್ರೆ ಜಪಾನಿನ ಆರೋಗ್ಯ ಇಲಾಖೆ ಹೇಳೋದು ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ. ಅಮೆರಿಕದ ನಿಯಮ ಇನ್ನೂ ಬಿಗಿ: ಮೈನಸ್ 20ರಲ್ಲಿ 7 ದಿನ, ಇಲ್ಲಾ ಮೈನಸ್ 35ರಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಅದೇ ಚಳಿಯಲ್ಲಿ 15 ಗಂಟೆ.

ಕುಚ್ಚಲಕ್ಕಿ
ಹಾಗಿದ್ರೆ ಮನೆ ಫ್ರೀಜರಲ್ಲಿ ಒಂದು ವಾರ ಇಟ್ಟರೆ ಮುಗೀತು.

ಲ್ಯಾಬ್‌ಮೇಷ್ಟ್ರು
ಮುಗೀಲಿಲ್ಲ. ಮನೆ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ಕ್ಕೆ ಹೊಂದಿಸಿರುತ್ತೆ. ಬಾಗಿಲು ತೆಗೆದು ಹಾಕಿದಾಗ, ಕರೆಂಟ್ ಹೋದಾಗ ಇನ್ನೂ ಏರುತ್ತೆ. ದಪ್ಪ ತುಂಡಿನ ನಡುಭಾಗ ಯಾವಾಗ ಎಷ್ಟು ತಂಪಾಯ್ತು ಅಂತ ಥರ್ಮಾಮೀಟರ್ ಇಲ್ಲದೆ ಗೊತ್ತಾಗಲ್ಲ. ಇನ್ನೊಂದು, ಹೆಪ್ಪುಗಟ್ಟಿಸೋದು ಹುಳಕ್ಕೆ ಮದ್ದು, ಬ್ಯಾಕ್ಟೀರಿಯಾಕ್ಕಲ್ಲ. ಅವು ನಿದ್ದೆ ಹೋಗ್ತವೆ, ಕರಗಿದಾಗ ಏಳ್ತವೆ.

ಕರಾವಳಿಗ
ಇಲ್ಲಿ ಒಂದು ಮುಖ್ಯ ವಿಷಯ ಬಿಟ್ಟು ಹೋಯ್ತು ಮಾರಾಯ್ರೆ. ಊರಲ್ಲಿ ಕೇಳ್ತಾರೆ, ಮಲ್ಪೆಯಿಂದ ಬೆಳಿಗ್ಗೆ ಬಂದ ತಾಜಾ ಬಂಗುಡೆ ಉಂಟು, ಅಂಜಲ್ ಉಂಟು, ಅದರಲ್ಲೇ ಸುಶಿ ಮಾಡಿದರೆ ಆಗುದಿಲ್ವಾ ಅಂತ. ತಾಜಾ ಅನ್ನುದು ಒಂದು, ಹಸಿಯಾಗಿ ತಿನ್ನಲಿಕ್ಕೆ ಹಿಡಿದದ್ದು ಅನ್ನುದು ಇನ್ನೊಂದು. ಹಸಿ ತಿನ್ನುವ ಮೀನನ್ನು ಹಿಡಿದ ಕೂಡಲೇ ಕೊಂದು, ರಕ್ತ ಬಸಿದು, ಕರುಳು ತೆಗೆದು, ಮಂಜುಗಡ್ಡೆಯಲ್ಲಿ ಇಡಬೇಕು. ಸಾರಿಗೆ, ಪುಳಿಮುಂಚಿಗೆ ಹಿಡಿಯುವ ಮೀನಿಗೆ ಯಾರೂ ಇಷ್ಟು ಮಾಡುದಿಲ್ಲ, ಮಾಡುವ ಅಗತ್ಯವೂ ಇಲ್ಲ.

ಬಂಗುಡೆ, ಅಂಜಲ್, ಟ್ಯೂನಾ ಎಲ್ಲ ಒಂದೇ ಕುಟುಂಬ. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಬಿಸಿಲಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡ್ತದೆ. ಮುಖ ಕೆಂಪಾಗುದು, ತಲೆನೋವು, ಮೈ ತುರಿಕೆ ಬರುದು ಇದರಿಂದ. ಹಿಸ್ಟಮಿನ್ ಬೇಯಿಸಿದರೂ ಹೋಗುದಿಲ್ಲ, ಫ್ರೀಜರಿಗೆ ಹಾಕಿದರೂ ಹೋಗುದಿಲ್ಲ. ವಾಸನೆಯಲ್ಲಿ ಗೊತ್ತಾಗ್ತದೆ ಅಂತ ನಂಬಬೇಡಿ, ಎಷ್ಟೋ ಸಲ ಮೀನು ಚೆನ್ನಾಗಿಯೇ ಕಾಣ್ತದೆ. ದೋಣಿಯಿಂದ ಅಡುಗೆಮನೆಯ ತನಕ 4 ಡಿಗ್ರಿಗಿಂತ ಕೆಳಗೆ ಇಟ್ಟದ್ದೇ ಆಗಬೇಕು.

ಲ್ಯಾಬ್‌ಮೇಷ್ಟ್ರು
ನೂರಕ್ಕೆ ನೂರು. ಕೆರೆ, ಹೊಳೆಯ ರೋಹು, ಕಾಟ್ಲಾ ಹಸಿ ತಿನ್ನೋ ಮಾತೇ ಬೇಡ. ಸಿಹಿನೀರಿನ ಮೀನಿನಿಂದ ಬರೋ ಯಕೃತ್ತಿನ ಚಪ್ಪಟೆ ಹುಳು, ಗ್ನಾಥೋಸ್ಟೋಮ ಇವೆಲ್ಲಾ ಅನಿಸಾಕಿಸ್‌ಗಿಂತ ಕೆಟ್ಟವು. ಡಬ್ಬದ ಮೇಲೆ "ಸುಶಿ ಗ್ರೇಡ್" ಅಂತ ಬರೆದಿದ್ರೂ ಮರುಳಾಗಬೇಡಿ. ಅಮೆರಿಕದಲ್ಲಿ ಆ ಪದಕ್ಕೆ ಕಾನೂನಿನ ವ್ಯಾಖ್ಯಾನವೇ ಇಲ್ಲ. ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಹೆಪ್ಪುಗಟ್ಟಿಸಿದ್ದು ಅಂತ ಮಾರೋರನ್ನೇ ಕೇಳಿ.

ಟೋಕಿಯೊಕನ್ನಡಿಗ
ಜಪಾನಿನಲ್ಲಿ ಅಷ್ಟೂ ಮೀನು ಅವತ್ತು ಹಿಡಿದದ್ದು, ಫ್ರೀಜರ್ ಮುಟ್ಟದ್ದು ಅನ್ನೋದೂ ತಪ್ಪು. ದೂರ ಸಮುದ್ರದ ಟ್ಯೂನಾವನ್ನ ಹಡಗಿನಲ್ಲೇ ಮೈನಸ್ 60 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸ್ತಾರೆ. ಎಷ್ಟೋ ಬಿಳಿ ಮೀನಿಗೆ ಒಂದೆರಡು ದಿನ ತಂಪಲ್ಲಿ ಇಟ್ಟ ಮೇಲೇ ರುಚಿ ಬರೋದು, ಮಾಂಸದಲ್ಲಿ ಶಕ್ತಿ ಹಿಡಿದಿಡೋ ಎಟಿಪಿ ಒಡೆದು ರುಚಿ ಕೊಡೋ ಇನೋಸಿನೇಟ್ ಆಗೋಕೆ ಹೊತ್ತು ಬೇಕು.

ಸಾಲ್ಮನ್ ಬಗ್ಗೆಯೂ ಹೇಳಬೇಕು. ಸಾಲ್ಮನ್ ಸುಶಿ ಜಪಾನಿನ ಹಳೇ ತಿನಿಸು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಲ್ಲಿ ಸಾಲ್ಮನ್ ಉಪ್ಪು ಹಾಕಿ ಸುಟ್ಟು ತಿನ್ನೋ ಮೀನಾಗಿತ್ತು, ಯಾಕಂದ್ರೆ ಪೆಸಿಫಿಕ್ ಸಾಲ್ಮನ್‌ನಲ್ಲಿ ಹುಳ ಇರುತ್ತೆ. ಹಸಿಯಾಗಿ ತಿನ್ನೋ ರೂಢಿ ಬಂದದ್ದು 1980ರ ದಶಕದಲ್ಲಿ ನಾರ್ವೆ ತನ್ನ ಸಾಕಿದ ಸಾಲ್ಮನ್‌ಗೆ ಜಪಾನಿನಲ್ಲಿ ಮಾರುಕಟ್ಟೆ ಹುಡುಕಿದ ಮೇಲೆ. ಗುಳಿಗೆ ಆಹಾರ ತಿಂದು ಬೆಳೆದ ಮೀನಿಗೆ ಹುಳ ಸೇರೋ ದಾರಿ ಬಹುಮಟ್ಟಿಗೆ ಮುಚ್ಚಿರುತ್ತೆ.

ಧಾರವಾಡಿ
ಹಂಗಾದ್ರ ಅಮೆರಿಕದ ಕ್ಯಾಲಿಫೋರ್ನಿಯಾ ರೋಲ್‌ನ "ನಕಲಿ ಸುಶಿ" ಅನ್ನೂದ್ಯಾಕ್ರಿ? ಅದೂ ಬದಲಾವಣೆನ ಅಲ್ಲೇನ್ರಿ?

ಒಗ್ಗರಣೆ
ನಾನು ಒಪ್ಪಲ್ಲ. ಬೆಣ್ಣೆಹಣ್ಣು, ಮಯೊನೀಸ್, ಕ್ರೀಮ್ ಚೀಸ್ ಹಾಕಿ ಅನ್ನ ಹೊರಗೆ ಸುತ್ತಿದ್ರೆ ಅದು ಬೇರೆ ತಿನಿಸು. ಅದಕ್ಕೂ ಒಂದು ಎಲ್ಲೆ ಬೇಡವಾ?

ಟೋಕಿಯೊಕನ್ನಡಿಗ
ಎಲ್ಲೆ ಎಲ್ಲಿ ಎಳೀತೀರಿ ಒಗ್ಗರಣೆಯವರೇ? ಹಳೇದೇ ಅಸಲಿ ಅನ್ನೋದಾದ್ರೆ ನಿಗಿರಿಯನ್ನೂ ಬಿಡಬೇಕಾಗುತ್ತೆ. ಬಹಳ ಹಳೆಯದು ನಾರೆಝುಶಿ. ಬಿವಾ ಸರೋವರದ ಸುತ್ತಿನ ಶಿಗಾದಲ್ಲಿ ಇವತ್ತಿಗೂ ಮಾಡೋ ಫುನಾಝುಶಿ ಅದೇ ಜಾತಿಯದು. ಮೀನಿಗೆ ತಿಂಗಳುಗಟ್ಟಲೆ ಉಪ್ಪು ಹಿಡಿಸಿ, ಆಮೇಲೆ ಅನ್ನದ ಜೊತೆ ಪೀಪಾಯಿಗೆ ತುಂಬಿ ಕಲ್ಲು ಹೇರಿ, ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹುಳಿ ಬರಿಸೋದು. ಅಲ್ಲಿ ಅನ್ನ ಇದ್ದದ್ದು ಮೀನು ಕೆಡದ ಹಾಗೆ ಹುಳಿ ಕೊಡೋಕೆ, ತಿನ್ನೋವಾಗ ಅದನ್ನ ಸವರಿ ತೆಗೆದುಬಿಡ್ತಿದ್ರು. ಕಾಲ ಕಳೆದಂತೆ ಕಾಯೋ ದಿನ ಕಡಿಮೆಯಾಗಿ, ಅನ್ನವನ್ನೂ ತಿನ್ನತೊಡಗಿದ್ರು. ಕೊನೆಗೆ ಹುಳಿ ಬರಿಸೋ ಬದಲು ವಿನೆಗರೇ ಸುರಿದ್ರು.

ಈಗ ನಾವು ನೋಡೋ ನಿಗಿರಿ 1820ರ ದಶಕದ ಎಡೊ ಪಟ್ಟಣದ್ದು, ಈಗಿನ ಟೋಕಿಯೊ. ಹಾನಾಯಾ ಯೊಹೆಯ್ ಅನ್ನೋ ಸುಶಿ ಅಡುಗೆಯವನ ಹೆಸರನ್ನ ಅದರ ಜೊತೆ ಹೇಳ್ತಾರೆ. ಅವತ್ತು ಅದು ಬೀದಿಬದಿ ಗೂಡಂಗಡಿಯ ತಿಂಡಿ. ಒಂದೊಂದು ತುಂಡು ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿತ್ತು. ಸಾಕೆ ಅನ್ನೋ ಅಕ್ಕಿ ಮದ್ಯದ ಮಡ್ಡಿಯಿಂದ ಮಾಡಿದ ಕೆಂಪು ವಿನೆಗರ್ ಅಗ್ಗವಾಗಿ ಸಿಕ್ಕಿದ್ದು ಅದಕ್ಕೆ ಒತ್ತಾಸೆಯಾಯ್ತು. ಮಂಜುಗಡ್ಡೆ ಇಲ್ಲದ ಕಾಲ, ಹಾಗಾಗಿ ಮೀನನ್ನ ಸೋಯಾದಲ್ಲಿ ನೆನೆಸ್ತಿದ್ರು, ವಿನೆಗರಿಗೆ ಹಾಕ್ತಿದ್ರು, ಇಲ್ಲಾ ಬೇಯಿಸ್ತಿದ್ರು. ಈಗ ಚಿನ್ನದ ಬೆಲೆಯ ಟ್ಯೂನಾ ಕೊಬ್ಬಿನ ಭಾಗವನ್ನ ಅವತ್ತು ಎಸೀತಿದ್ರು. ಬರೀ ಹಸಿ ಮೀನಿನ ತುಂಡು ಅನ್ನದ ಮೇಲೆ ಇಡೋದು ಫ್ರಿಜ್ ಬಂದ ಮೇಲಿನ ಮಾತು.

ಒಗ್ಗರಣೆ
ಸರಿ, ಇತಿಹಾಸದ ಮಾತು ಒಪ್ಪಿದೆ. ಕ್ರೀಮ್ ಚೀಸ್ ಮಾತ್ರ ಒಪ್ಪಲ್ಲ. ವಿನೆಗರ್ ಅನ್ನದ ರುಚಿಯನ್ನ ಅದು ಪೂರ್ತಿ ಮುಚ್ಚಿಬಿಡುತ್ತೆ.

ಈರುಳ್ಳಿಬೇಡ
ನನ್ನ ಪ್ರಶ್ನೆ ಸಸ್ಯಾಹಾರದ್ದು. ಹಳೇ ಕ್ರಮದಲ್ಲೇ ಮೀನಿಲ್ಲದ ಸುಶಿ ಇದೆಯಾ, ಇಲ್ಲಾ ನಮ್ಮಂಥವರಿಗೆ ಅಂತ ಈಚೆಗೆ ಮಾಡಿದ್ದಾ?

ಸೌಟು
ಹಳೇದೇ ಇದೆ. ಟೋಕಿಯೊ ಕಡೆ ಬರೀ "ನೋರಿಮಾಕಿ" ಅಂದ್ರೆ ರೂಢಿಯಲ್ಲಿ ಕಾಂಪ್ಯೊ ಸುರುಳಿ ಅಂತಲೇ ಅರ್ಥ. ಕಾಂಪ್ಯೊ ಅಂದ್ರೆ ಏನು ಗೊತ್ತಾ? ನಮ್ಮ ಸೋರೆಕಾಯಿಯ ಜಾತಿಯದೇ ಕಾಯಿ, ಉದ್ದುದ್ದ ಪಟ್ಟಿಯಾಗಿ ಹೆರೆದು ಒಣಗಿಸಿದ್ದು. ತೊಚಿಗಿ ಪ್ರಾಂತ್ಯದಲ್ಲಿ ಹೆಚ್ಚು ಬೆಳೀತಾರೆ. ಒಣಗಿದ ಪಟ್ಟಿಗೆ ಉಪ್ಪು ಹಾಕಿ ತಿಕ್ಕಿ, ತೊಳೆದು, ಉಗುರು ಒತ್ತಿದ್ರೆ ಇಳಿಯುವಷ್ಟು ಬೇಯಿಸಿ. 30 ಗ್ರಾಂ ಒಣ ಕಾಂಪ್ಯೊಗೆ ಸೋಯಾ 3 ದೊಡ್ಡ ಚಮಚ, ಸಕ್ಕರೆ 3 ದೊಡ್ಡ ಚಮಚ, ನೀರು 200 ಮಿಲಿ ಹಾಕಿ ರಸ ಇಂಗೋ ತನಕ ಸಣ್ಣ ಉರಿಯಲ್ಲಿಡಿ.

ಇನ್ನು ಸೌತೆಕಾಯಿಯ ಕಪ್ಪಾಮಾಕಿ, ಮೂಲಂಗಿ ಉಪ್ಪಿನಕಾಯಿ ಸುರುಳಿ, ಹುದುಗಿಸಿದ ಸೋಯಾಕಾಳಿನ ನಾಟ್ಟೊ ಸುರುಳಿ, ಕರಿದ ಟೋಫು ಚೀಲಕ್ಕೆ ಅನ್ನ ತುಂಬೋ ಇನಾರಿ.

ಈರುಳ್ಳಿಬೇಡ
ಹಾಗಾದ್ರೆ ಇನಾರಿ, ಕಾಂಪ್ಯೊ ಎರಡೂ ಧೈರ್ಯವಾಗಿ ತಿನ್ನಬಹುದು.

ಟೋಕಿಯೊಕನ್ನಡಿಗ
ತಡೀರಿ, ಎಡವೋದೇ ಇಲ್ಲಿ. ಸೌಟು ಅವರು ನೀರು ಹಾಕಿ ಅಂದ್ರು, ಹೋಟೆಲಿನವರು ಆ ಜಾಗದಲ್ಲಿ ದಾಶಿ ಹಾಕ್ತಾರೆ. ದಾಶಿ ಅಂದ್ರೆ ಜಪಾನಿ ಅಡುಗೆಯ ತಳದ ಸಾರು. ಸಾಮಾನ್ಯವಾಗಿ ಅದರಲ್ಲಿ ಕೊಂಬು ಅನ್ನೋ ಕಡಲಪಾಚಿ ಮತ್ತು ಕಟ್ಸುವೊಬುಶಿ ಇರುತ್ತೆ. ಎರಡನೇದು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯ ಹಾಗೆ ಒಣಗಿಸಿದ ಮೀನು. ಮೀಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನಲ್ಲಿ, ಟೋಫು ಮೇಲಿನ ರಸದಲ್ಲಿ, ಸೋಬಾ ನೂಡಲ್ಸ್ ಅದ್ದೋ ರಸದಲ್ಲಿ, ದಾಶಿ ಬೆರೆಸಿದ ಮೊಟ್ಟೆ ಸುರುಳಿಯಲ್ಲಿ, ಇನಾರಿಯ ಟೋಫು ಚೀಲದಲ್ಲಿ ಎಲ್ಲಾ ಕಡೆ ಇದು ಇರುತ್ತೆ. ಅನ್ನಕ್ಕೆ ಬೆರೆಸೋ ಸಿದ್ಧ ಸುಶಿ ವಿನೆಗರ್‌ನ ಕೆಲವು ಬಾಟಲಿಗಳಲ್ಲೂ ಇರುತ್ತೆ.

ಜಪಾನಿನಲ್ಲಿ "ವೆಜಿಟೇರಿಯನ್" ಅಂದ್ರೆ ಕಣ್ಣಿಗೆ ಕಾಣೋ ಮಾಂಸ, ಮೀನಿನ ತುಂಡು ತೆಗೆದು ಕೊಡ್ತಾರೆ, ಸಾರನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಮೋಸ ಮಾಡೋ ಉದ್ದೇಶ ಇರಲ್ಲ, ಅವರಿಗೆ ಅದು ನಮಗೆ ಉಪ್ಪು ಇದ್ದ ಹಾಗೆ. ಹಾಗಾಗಿ ಹೀಗೆ ಹೇಳಿ: "ನಿಕು ಮೊ ಸಕಾನಾ ಮೊ ತಬೆಮಾಸೆನ್. ಕಟ್ಸುವೊ ದಾಶಿ ಮೊ ದಮೆ ದೆಸು." ಮಾಂಸವನ್ನೂ ಮೀನನ್ನೂ ತಿನ್ನಲ್ಲ, ಕಟ್ಸುವೊ ದಾಶಿಯೂ ಆಗಲ್ಲ ಅಂತ ಅರ್ಥ.

ನಿಮ್ಮ ಹೆಸರು ನೋಡಿ ಇನ್ನೊಂದು ಹೇಳ್ತೀನಿ. ಶೋಜಿನ್ ರ‍್ಯೋರಿ ಅನ್ನೋ ಬೌದ್ಧ ಮಠಗಳ ಅಡುಗೆ ಇದೆ. ಅದರಲ್ಲಿ ಮಾಂಸ, ಮೀನು ಇಲ್ಲ, ರೂಢಿಯಂತೆ ಈರುಳ್ಳಿ, ಬೆಳ್ಳುಳ್ಳಿನೂ ಇಲ್ಲ. ವಾಕಯಾಮದ ಕೋಯಾ ಬೆಟ್ಟದ ಮಠಗಳಲ್ಲಿ ಉಳಿದುಕೊಂಡ್ರೆ ಊಟಕ್ಕೆ ಅದನ್ನೇ ಬಡಿಸ್ತಾರೆ. ಅಲ್ಲಿ ದಾಶಿ ಮಾಡೋದು ಕೊಂಬು ಮತ್ತು ಒಣ ಶಿತಾಕೆ ಅಣಬೆಯಿಂದ.

ಈರುಳ್ಳಿಬೇಡ
ತುಂಬಾ ಉಪಕಾರ. ಆ ದಾಶಿಯ ಅಳತೆ ಕೊಡ್ತೀರಾ?

ಸೌಟು
ನೀರು 1 ಲೀಟರ್, ಕೊಂಬು 10 ಗ್ರಾಂ, ಒಣ ಶಿತಾಕೆ 4ರಿಂದ 5. ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ. ಬಿಸಿನೀರಲ್ಲಿ ಬೇಗ ಮಾಡೋಕೆ ಹೋದ್ರೆ ಅಣಬೆಯ ಸಾರು ಕಹಿ, ತಣ್ಣೀರಲ್ಲಿ ನಿಧಾನಕ್ಕೆ ಬಿಟ್ಟರೇ ಸಿಹಿ. ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು ತಳದಲ್ಲಿ ಸಣ್ಣ ಗುಳ್ಳೆ ಏಳ್ತಿದ್ದ ಹಾಗೆ ಕೊಂಬು ತೆಗೆದುಬಿಡಿ. ಕುದಿಸಿದ್ರೆ ಲೋಳೆ ಬಿಟ್ಟು ಪಾಚಿಯ ವಾಸನೆ ಬರುತ್ತೆ. ಕೊಂಬಿನ ಮೇಲಿರೋ ಬಿಳಿ ಪುಡಿಯನ್ನ ಬೂಸ್ಟು ಅಂತ ತೊಳೀಬೇಡಿ. ರುಚಿ ಇರೋದೇ ಅಲ್ಲಿ.

ಕರಾವಳಿಗ
ಕಟ್ಸುವೊಬುಶಿ ಅಂದರೆ ನಮಗೆ ಪರದೇಶಿ ವಸ್ತು ಅಲ್ಲ. ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ "ಮಾಸ್" ಅಂತ ಮಾಡ್ತಾರಲ್ಲ, ಅದೂ ಸ್ಕಿಪ್‌ಜ್ಯಾಕ್ ಟ್ಯೂನಾವೇ, ಬೇಯಿಸಿ, ಹೊಗೆಗಿಟ್ಟು, ಬಿಸಿಲಲ್ಲಿ ಒಣಗಿಸುದು. ಅದೇ ಲಕ್ಷದ್ವೀಪದ ಅಮಿನ್‌ದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಒಂದು ವ್ಯತ್ಯಾಸ ಉಂಟು: ಜಪಾನಿನ ಮೇಲ್ದರ್ಜೆಯದಕ್ಕೆ ಒಂದು ಜಾತಿಯ ಬೂಸ್ಟು ಹಿಡಿಸಿ, ಒಣಗಿಸಿ, ಮತ್ತೆ ಹಿಡಿಸ್ತಾರೆ. ಅದು ಒಳಗಿನ ನೀರನ್ನು ಎಳೆದುಕೊಳ್ತದೆ, ಜಿಡ್ಡನ್ನು ಒಡೀತದೆ. ಸಾರು ತಿಳಿಯಾಗುದು ಅದಕ್ಕೇ.

ಕುಚ್ಚಲಕ್ಕಿ
ಈ ರುಚಿಯೆಲ್ಲಾ ಕೊನೆಗೆ ಅಜಿನೊಮೊಟೊ ತಾನೇ? ಅದು ವಿಷ ಅಂತಾರೆ.

ಲ್ಯಾಬ್‌ಮೇಷ್ಟ್ರು
ವಿಷ ಅಲ್ಲ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಕೊಂಬು ಸಾರಿನಿಂದಲೇ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷ ಅದು ಪುಡಿಯಾಗಿ ಮಾರಾಟಕ್ಕೆ ಬಂತು. ಟೊಮೆಟೊದಲ್ಲಿರೋದೂ ಅದೇ ಗ್ಲುಟಮೇಟ್. ಹೆದರಿಕೆ ಹುಟ್ಟಿದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ. ಕೊಂಬಿನ ಗ್ಲುಟಮೇಟ್ ಮತ್ತು ಕಟ್ಸುವೊಬುಶಿಯ ಇನೋಸಿನೇಟ್ ಸೇರಿದಾಗ ರುಚಿ ಕೂಡಿಕೆಗಿಂತ ಎಷ್ಟೋ ಪಟ್ಟು ಏರುತ್ತೆ. ಶಿತಾಕೆಯ ಗ್ವಾನಿಲೇಟ್ ಕೂಡ ಹಾಗೇ ಕೆಲಸ ಮಾಡುತ್ತೆ. ಸೌಟು ಅವರ ಸಸ್ಯಾಹಾರಿ ದಾಶಿಯಲ್ಲಿ ಕೊಂಬಿನ ಜೊತೆ ಅಣಬೆ ಯಾಕೆ ಬೇಕು ಅನ್ನೋದಕ್ಕೆ ಇದೇ ಕಾರಣ.

ಜಪಾನಿ ಊಟದಲ್ಲಿ ಅಜಿನೊಮೊಟೊಗಿಂತ ಉಪ್ಪಿನ ಚಿಂತೆ ಮಾಡಿ. ಮಾಮೂಲಿ ಸೋಯಾ ಸಾಸ್ ಒಂದು ದೊಡ್ಡ ಚಮಚದಲ್ಲಿ ಸುಮಾರು 2.6 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳೋದು 5 ಗ್ರಾಂಗಿಂತ ಕಡಿಮೆ. ಉಸುಕುಚಿ ಅನ್ನೋ ತಿಳಿಬಣ್ಣದ ಸೋಯಾ ನೋಡಿ ಉಪ್ಪು ಕಡಿಮೆ ಅಂದ್ಕೋತಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ, ತಿಳಿಯಾಗಿರೋದು ಬಣ್ಣ ಮಾತ್ರ. ಗೋಧಿ ಆಗದವರಿಗೂ ಒಂದು ಮಾತು: ಹೆಚ್ಚಿನ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತೆ.

ಧಾರವಾಡಿ
ನಿಗಿರಿನ ಅನ್ನದ ಕಡೆ ಅದ್ದಿದ್ರ ಸ್ಪಂಜಿನಂಗ ಅಷ್ಟೂ ಸೋಯಾ ಕುಡಿತೈತಿ, ಅನ್ನನೂ ಬಿಚ್ಚಿ ಬೀಳ್ತೈತಿ. ತಿರುವಿ ಹಿಡಿದು ಮೀನಿನ ಕಡೆ ಅಂಚು ತಾಗಿಸಬೇಕ್ರಿ. ಕೈಲೆ ತಿನ್ನೂದು ತಪ್ಪಲ್ಲ. ನಿಗಿರಿ ಕೈಲೆ ತಿನ್ನೂದ ಹಳೇ ಪದ್ಧತಿ, ಸಶಿಮಿಗೆ ಮಾತ್ರ ಕಡ್ಡಿ. ಜೋಡಿ ಕೊಡೋ ಶುಂಠಿನ ಮ್ಯಾಲ ಇಟ್ಕೊಂಡ್ ತಿನಬ್ಯಾಡ್ರಿ, ಅದು ಒಂದ್ ಮೀನಿಂದ ಇನ್ನೊಂದ್ ಮೀನಿಗೆ ಹೋಗೂ ಮುಂದ ಬಾಯಿ ಸ್ವಚ್ಛ ಮಾಡ್ಕೊಳ್ಳಾಕ.

ಒಗ್ಗರಣೆ
ಕಡ್ಡಿ ಅಂದಾಗ ನೆನಪಾಯ್ತು. ಅನ್ನದ ಬಟ್ಟಲಲ್ಲಿ ಕಡ್ಡಿಯನ್ನ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಸತ್ತವರ ತಲೆದಿಂಬಿನ ಬಳಿ ಇಡೋ ಅನ್ನಕ್ಕೆ ಮಾತ್ರ ಹಾಗೆ ಚುಚ್ಚೋದು. ಊಟದೆಲೆ ಮೇಲೆ ಪಿಂಡ ಇಟ್ಟ ಹಾಗೆ ಅನ್ನಿಸುತ್ತೆ ಅವರಿಗೆ. ಕಡ್ಡಿಯಿಂದ ಕಡ್ಡಿಗೆ ತುಂಡು ದಾಟಿಸೋದೂ ಬೇಡ, ಅದು ಅಸ್ಥಿ ಆರಿಸೋ ಕ್ರಮ.

ಅನ್ನಪ್ರಿಯ
ವಸಾಬಿ ಅಂದ್ರೆ ಏನು ಅಂತ ಯಾರೂ ಹೇಳಲಿಲ್ಲ. ಹಸಿರು ಮೆಣಸಿನ ಪೇಸ್ಟ್ ಅಂತ ಬರೆದಿರೋದನ್ನೂ ನೋಡಿದ್ದೀನಿ.

ಸೌಟು
ಮೆಣಸಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಸಾಸಿವೆಯ ಕುಟುಂಬ. ಮೆಣಸಿನ ಖಾರ ನಾಲಿಗೆ ಮೇಲೆ ಕೂರುತ್ತೆ. ವಸಾಬಿಯ ಘಾಟು ಆವಿಯಾಗಿ ಮೂಗಿಗೆ ಏರಿ ಅರ್ಧ ನಿಮಿಷದಲ್ಲಿ ಇಳಿಯುತ್ತೆ. ಟ್ಯೂಬಿನಲ್ಲಿ ಬರೋದರಲ್ಲಿ ಹೆಚ್ಚಿನವು ಹಾರ್ಸ್‌ರ‍್ಯಾಡಿಶ್ ಅನ್ನೋ ಬಿಳಿ ಬೇರು, ಸಾಸಿವೆ ಮತ್ತು ಹಸಿರು ಬಣ್ಣ. ನಿಜವಾದ ವಸಾಬಿ ಶಿಝುವೊಕಾ, ನಗಾನೊ ಕಡೆಯ ತಣ್ಣನೆ ಹರಿಯೋ ನೀರಲ್ಲಿ ಬೆಳೆಯುತ್ತೆ, ಬಲಿಯೋಕೆ ಒಂದೂವರೆಯಿಂದ ಎರಡು ವರ್ಷ. ತುರಿದ ಮೇಲೆ 15–20 ನಿಮಿಷಕ್ಕೆ ಘಮ ಹೋಗುತ್ತೆ, ಅದಕ್ಕೇ ತಿನ್ನೋವಾಗಲೇ ತುರೀತಾರೆ.

ಇದು ನಮ್ಮ ಅಡುಗೆಮನೆಗೆ ಗೊತ್ತಿರೋ ರಸಾಯನವೇ. ಮಾವಿನಹಣ್ಣಿನ ಸಾಸಿವೆಗೆ ಹಸಿ ಸಾಸಿವೆಯನ್ನ ತಣ್ಣೀರು ಹಾಕಿ ಅರೆದಾಗ ಮೂಗಿಗೆ ಹತ್ತುತ್ತಲ್ಲ, ಅದೇ ಅಲೈಲ್ ಐಸೊಥಯೊಸಯನೇಟ್. ಕಾಳು ಒಡೆದಾಗ ಒಳಗಿನ ಕಿಣ್ವ ನೀರಿನ ಜೊತೆ ಸೇರಿ ಅದನ್ನ ಹುಟ್ಟಿಸುತ್ತೆ. ಒಗ್ಗರಣೆಯಲ್ಲಿ ಸಿಡಿಸಿದ ಸಾಸಿವೆಗೆ ಆ ಘಾಟು ಬರಲ್ಲ, ಬಿಸಿಗೆ ಕಿಣ್ವ ಸತ್ತಿರುತ್ತೆ. ಪುಡಿ ವಸಾಬಿ ತಂದವರು ಬಿಸಿನೀರಲ್ಲಿ ಕಲಸಿ "ಖಾರವೇ ಇಲ್ಲ" ಅನ್ನೋದೂ ಇದಕ್ಕೇ. ತಣ್ಣೀರಲ್ಲಿ ಕಲಸಿ, 5 ನಿಮಿಷ ಮುಚ್ಚಿಡಿ.

ಕುಚ್ಚಲಕ್ಕಿ
ಅಂತೂ ಜಪಾನಿಗೂ ನಮಗೂ ನಂಟು ಇದೆ. ಅವರ ಕರ‍್ರಿ ರೈಸ್ ಕೂಡ ಭಾರತದಿಂದ ಹೋದ್ದೇ.

ಟೋಕಿಯೊಕನ್ನಡಿಗ
ನೇರವಾಗಿ ಅಲ್ಲ. ಮೈದಾ ಹುರಿದು ಗಟ್ಟಿ ಮಾಡೋ ಆ ಕರ‍್ರಿ ಮೇಜಿ ಕಾಲದಲ್ಲಿ (1868–1912) ಬ್ರಿಟಿಷರ ಮೂಲಕ ಹೋಯ್ತು. ಭಾರತದ ಕ್ರಮದ ಕರ‍್ರಿಯನ್ನ ಟೋಕಿಯೊದ ಶಿಂಜುಕುವಿನ ನಾಕಾಮುರಾಯ ಅಂಗಡಿಯಲ್ಲಿ 1927ರಲ್ಲಿ ಶುರು ಮಾಡಿಸಿದ್ದು ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್. ಅಂಗಡಿಯಲ್ಲಿ ಸಿಗೋ ಕರ‍್ರಿ ಗಟ್ಟಿಗಳಲ್ಲಿ ಹೆಚ್ಚಾಗಿ ದನ, ಹಂದಿಯ ಕೊಬ್ಬು ಇರುತ್ತೆ, ತರಕಾರಿ ಚಿತ್ರ ಇದ್ರೂ ಪಟ್ಟಿ ಓದಿ.

ಕರಾವಳಿಗ
ಹಿಟ್ಟಲ್ಲಿ ಅದ್ದಿ ಕರಿಯುವ ತೆಂಪುರಾವೂ ಹಾಗೇ. 16ನೇ ಶತಮಾನದಲ್ಲಿ ಪೋರ್ಚುಗೀಸರಿಂದ ಹೋದದ್ದು ಅಂತ ಹೇಳ್ತಾರೆ. ಬಜ್ಜಿ ಹಿಟ್ಟಿನ ಹಾಗೆ ಕಲಸಿದರೆ ಕೆಟ್ಟಿತು. ಮೈದಾವನ್ನು ಮಂಜಿನ ನೀರಲ್ಲಿ, ಗಂಟು ಉಳಿಯುವಷ್ಟೇ ನಾಲ್ಕು ಸಲ ತಿರುಗಿಸಿ ಬಿಡಬೇಕು. ಹೆಚ್ಚು ಕಲಸಿದರೆ ಅಂಟು ಹುಟ್ಟಿ ರಬ್ಬರ್ ಆಗ್ತದೆ. ಎಣ್ಣೆ 170ರಿಂದ 180 ಡಿಗ್ರಿ.

ಈರುಳ್ಳಿಬೇಡ
ಮತ್ತೆ ಸುಶಿಗೆ ಬರ್ತೀನಿ. ಸೌತೆಕಾಯಿ ಸುರುಳಿ ಮಾಡುವಾಗ ನೋರಿ ಒದ್ದೆಯಾಗಿ ಜಗಿಯೋಕೇ ಬರಲ್ಲ ಅಂತ ಎಲ್ಲರೂ ದೂರ್ತಾರೆ, ಬಿಚ್ಚಿಕೊಳ್ಳುತ್ತೆ ಅಂತಾನೂ. ಏನು ಮಾಡ್ಬೇಕು?

ಸೌಟು
ಮೂರು ಕಾರಣ ಇರಬಹುದು. ಒಂದು, ಅನ್ನ ಇನ್ನೂ ಬಿಸಿ ಇದೆ, ಆವಿ ನೋರಿಗೆ ಹೋಗುತ್ತೆ. ಎರಡು, ಸೌತೆಕಾಯಿಯ ಬೀಜದ ತಿರುಳು ತೆಗೆದಿಲ್ಲ. ತಿರುಳು ತೆಗೆದು, ಉದ್ದಕ್ಕೆ ಸೀಳಿ, ಚಿಟಿಕೆ ಉಪ್ಪು ಸವರಿ 5 ನಿಮಿಷ ಬಿಟ್ಟು ಒರೆಸಿ. ಮೂರು, ಅನ್ನ ಜಾಸ್ತಿ. ಪೂರ್ತಿ ನೋರಿ ಹಾಳೆ ಸುಮಾರು 21ಕ್ಕೆ 19 ಸೆಂಟಿಮೀಟರ್. ಉದ್ದದ ಬದಿಯನ್ನ ನಡುವೆ ಕತ್ತರಿಸಿದ ಅರ್ಧ ಹಾಳೆಗೆ 80 ಗ್ರಾಂ ಅನ್ನ ಸಾಕು. ಒರಟು ಮೈ ಮೇಲೆ ಬರೋ ಹಾಗಿಟ್ಟು, ಆಚೆ ಅಂಚಲ್ಲಿ 1 ಸೆಂಟಿಮೀಟರ್ ಖಾಲಿ ಬಿಟ್ಟು, ಒತ್ತದೆ ಹರಡಿ. ಸುತ್ತಿದ ಮೇಲೆ ಅಂಚು ಕೆಳಗೆ ಬರೋ ಹಾಗೆ ಒಂದು ನಿಮಿಷ ಬಿಡಿ, ಅನ್ನದ ತೇವಕ್ಕೇ ಅಂಟುತ್ತೆ. ಪ್ರತಿ ಸಲ ಕತ್ತರಿಸೋ ಮುಂಚೆ ಚೂರಿಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕರಾವಳಿಗ
ನಾಲ್ಕನೇದು ಮಳೆಗಾಲ! ನೋರಿ ಹಪ್ಪಳದ ಹಾಗೆ, ಪ್ಯಾಕೆಟ್ ಒಡೆದರೆ ಒಂದೇ ಗಂಟೆಯಲ್ಲಿ ಮೆತ್ತಗಾಗ್ತದೆ. ಗಾಳಿಯಾಡದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಮೆತ್ತಗಾದರೆ ಎರಡು ಹಾಳೆ ಒಟ್ಟಿಗೆ ಹಿಡಿದು, ನುಣುಪು ಮೈ ಒಳಗೆ ಇರಲಿ, ಸಣ್ಣ ಉರಿಯಿಂದ ಒಂದು ಗೇಣು ಮೇಲೆ ಎರಡೆರಡು ಸಲ ಆಡಿಸಿ. ಕಪ್ಪು ಬಣ್ಣ ಹಸಿರಿಗೆ ತಿರುಗಿದ ಕೂಡಲೇ ತೆಗೀರಿ.